ತಪ್ಪೆಲ್ಲ ತಾಯಿಯದೇನಾ?

ನಿನ್ನೆ ಮಗನ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ನಾನು, ನಮ್ಮ ಯಜಮಾನರು ಪಕ್ಕಪಕ್ಕದಲ್ಲೇ ಕೂತಿದ್ದೆವು. ಟೀಚರ್ ನನ್ನ ಮುಖವನ್ನೇ ನೋಡಿಕೊಂಡು, 'ಮನೇಲಿ ನೀವು ಅವನ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಮೇಡಂ, ಇಲ್ಲಾಂದ್ರೆ ನಾವು ಎಷ್ಟು ಹೇಳಿಕೊಟ್ಟರೂ ಅಷ್ಟೇ' ಅಂದರು. ಇವರಿಗೆ ಒಂದು ಮಾತೂ ಇಲ್ಲ. ಇವರೂ ಹೂಂಗುಟ್ಟಿಕೊಂಡು ಕೂತಿದ್ದರು. ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ.

ನನಗೆ ಇಂಗ್ಲಿಷ್ ಯಾಕೆ ಸಲೀಸಾಗಿ ಬರಲ್ಲ ಅಂತ ಒಬ್ಬರಾದರೂ ಕೇಳಿದ್ದೀರಾ?

ತಿಪಟೂರಿನ ಕಡೆ ಹಳ್ಳಿ ನಮ್ಮದು. ನಾನು ಸರ್ಕಾರಿ ಶಾಲೆಗೆ ನಡೆದುಕೊಂಡು ಹೋದೆ. ತಮ್ಮನಿಗೆ ಟೈ, ಶೂ, ವ್ಯಾನು. ಆಗ ನಾಲ್ಕನೇ ಕ್ಲಾಸಿನವರೆಗೆ ತಾಯ್ನುಡಿಯಲ್ಲೇ ಕಲಿಸಬೇಕು ಅಂತ 1994ರ ಸರ್ಕಾರಿ ಆದೇಶ ಇತ್ತು. ಆದರೂ ಎಷ್ಟೋ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ತಗೊಂಡು ಒಳಗೆ ಇಂಗ್ಲಿಷ್‌ನಲ್ಲೇ ಪಾಠ ಮಾಡುತ್ತಿದ್ದವು. ತಮ್ಮ ಓದಿದ್ದೂ ಅಂಥದ್ದರಲ್ಲೇ. ಕೊಬ್ಬರಿ ಮಾರಿದ ದುಡ್ಡು ಮೊದಲು ಅವನ ಫೀಸಿಗೆ. 'ಇವಳು ಹೇಗೂ ಕೊಟ್ಟ ಮನೆಗೆ ಹೋಗೋಳು' ಅನ್ನುತ್ತಿದ್ದರು ಅಪ್ಪ.

ನನಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಮಾರ್ಕ್ಸ್ ತಮ್ಮನಿಗಿಂತ ಜಾಸ್ತಿ ಬರುತ್ತಿತ್ತು, ಹಟ ಮಾಡಿ ಪಿಯುಸಿ ಸೈನ್ಸ್ ಸೇರಿದೆ. ಹತ್ತನೇ ಕ್ಲಾಸಿನವರೆಗೆ ದ್ಯುತಿಸಂಶ್ಲೇಷಣೆ ಅಂತ ಓದಿದವಳಿಗೆ ಅಲ್ಲಿ ಫೋಟೋಸಿಂಥೆಸಿಸ್. ಪಾಠ ಗೊತ್ತಿರುತ್ತಿತ್ತು. ಲೆಕ್ಚರರ್ ಎಬ್ಬಿಸಿ ಕೇಳಿದರೆ ಹೇಳೋಕೆ ಬಾಯಿ ಬರುತ್ತಿರಲಿಲ್ಲ. ಎಲ್ಲರೆದುರು ಹಾಗೆ ನಿಂತದ್ದು ಇವತ್ತಿಗೂ ಮರೆತಿಲ್ಲ.

ಈಗ ಕಾಲ ಬದಲಾಗಿದೆ ಅನ್ನಬೇಡಿ. ನಿಜ, ತಾಯ್ನುಡಿಯಲ್ಲೇ ಕಲಿಸಬೇಕು ಅನ್ನುವ ಆ 1994ರ ಆದೇಶವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಆದರೆ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಕಣ್ಣಾರೆ ನೋಡಿದೆ. ಪಕ್ಕದ ಮನೆ ಹುಡುಗ ವ್ಯಾನ್ ಹತ್ತಿದ. ಅವನಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋದಳು. ಸರ್ಕಾರಿ ಶಾಲೆ ಕೆಟ್ಟದ್ದು ಅಂತಲ್ಲ, ನನಗೆ ಓದು ಹತ್ತಿಸಿದ್ದೇ ಅಲ್ಲಿನ ಮೇಷ್ಟ್ರು. ಅಷ್ಟು ಒಳ್ಳೆಯದಾದರೆ ಹುಡುಗನನ್ನೂ ಕಳಿಸಲಿ ಅಲ್ವಾ?

ಹೋಗಲಿ, ನಾನು ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡಿದರೆ? 'ಅಬ್ಬಾ, ಎಷ್ಟು ಜಂಬ ಬಂದಿದೆ ನೋಡು' ಅಂತಾರೆ ನೆಂಟರು. ಇವರು ತಪ್ಪುತಪ್ಪಾಗಿ ಮಾತಾಡಿದರೂ ಯಾರೂ ನಗಲ್ಲ.

ಇನ್ನೊಂದು ಕಡೆ ನೋಡಿ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಮಗ ಕನ್ನಡ ಬೋರ್ಡ್ ಓದೋಕೆ ತಡವರಿಸಿದ. ನಮ್ಮ ದೊಡ್ಡಮಾವ ನೇರ ನನ್ನ ಹತ್ತಿರ ಬಂದು, 'ಏನಮ್ಮ, ತಾಯ್ನುಡಿನೂ ಕಲಿಸಿಲ್ವಾ?' ಅಂದರು. ಇವರು ಅಲ್ಲೇ ಇದ್ದರು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ಇಂಗ್ಲಿಷ್ ಬರದಿದ್ದರೂ ನಾನು, ಕನ್ನಡ ಬರದಿದ್ದರೂ ನಾನು. ಅಪ್ಪನಿಗೆ ನಾಲಿಗೆ ಇಲ್ವಾ?

ಮುಂದಿನ ಮೀಟಿಂಗಿಗೆ ನೀವೊಬ್ಬರೇ ಹೋಗಿ ಅಂತ ಇವತ್ತು ಬೆಳಿಗ್ಗೆ ಇವರಿಗೆ ಹೇಳಿಬಿಟ್ಟೆ. ಬರುವ ವರ್ಷ ಮಗಳನ್ನೂ ಸ್ಕೂಲಿಗೆ ಸೇರಿಸಬೇಕು. ಅಣ್ಣ ಹೋಗುವ ಸ್ಕೂಲಿಗೇ, ಅದೇ ವ್ಯಾನಿನಲ್ಲಿ ಅವಳೂ ಹೋಗುತ್ತಾಳೆ. ಅದನ್ನೂ ಹೇಳಿದ್ದೇನೆ.