ಕಮಾಂಡಿಗೆ ಬಣ್ಣದ ವೇಷ

ನಮ್ಮ ಕಚೇರಿಯಲ್ಲಿ ಸರ್ವರ್‌ಗಳೊಳಗಿನ ಡಿಸ್ಕ್‌ಗಳ ಯೋಗಕ್ಷೇಮ ವಿಚಾರಿಸಲೆಂದೇ ಒಂದು ಕಮಾಂಡ್ ಇದೆ. ಒಳಗೆ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಕಡತಗಳನ್ನು ಕಾಪಾಡುವ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ ಕೆಲಸ ಮಾಡುತ್ತದೆ. ನಮ್ಮ ಕಮಾಂಡ್ ಅದರ ಉತ್ತರವನ್ನು ಪಡೆದು, ಪ್ರತಿಯೊಂದು ಡಿಸ್ಕ್‌ನ ಹೆಸರು, ಸ್ಥಿತಿ, ಗಾತ್ರ ಮತ್ತು ದೋಷಗಳ ಲೆಕ್ಕವನ್ನು ಸಾಲಾಗಿ ಮುದ್ರಿಸುತ್ತದೆ. ಚೆನ್ನಾಗಿರುವ ಡಿಸ್ಕ್ ಆನ್‌ಲೈನ್, ಪೂರ್ತಿ ಕೆಟ್ಟದ್ದು ಫಾಲ್ಟೆಡ್, ಒಂದು ಡಿಸ್ಕ್ ಕೈಕೊಟ್ಟರೂ ಹೇಗೋ ಕುಂಟುತ್ತ ನಡೆಯುತ್ತಿರುವ ಪೂಲ್, ಅಂದರೆ ಡಿಸ್ಕ್‌ಗಳ ಗುಂಪು, ಡಿಗ್ರೇಡೆಡ್. ಈ ಮೂರೂ ಪದಗಳು ವರ್ಷಾನುಗಟ್ಟಲೆ ಕಪ್ಪು ಪರದೆಯ ಮೇಲೆ ಬೂದು ಅಕ್ಷರಗಳಲ್ಲಿ, ಯಾರ ಗೊಡವೆಯೂ ಇಲ್ಲದೆ ಬಾಳಿಕೊಂಡಿದ್ದವು.

ಒಂದು ಸೋಮವಾರ ನಮ್ಮ ಮ್ಯಾನೇಜರ್ ಮೇಡಂ, "ಕೆಟ್ಟ ಡಿಸ್ಕ್ ತಟ್ಟನೆ ಕಣ್ಣಿಗೆ ಬೀಳಬೇಕು ಕಣ್ರೀ. ಬಣ್ಣ ಹಾಕೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. "ಅರ್ಧ ದಿನ ಸಾಕು ಮೇಡಂ," ಎಂದೆ ನಾನು. ಆನ್‌ಲೈನ್‌ಗೆ ಹಸಿರು, ಡಿಗ್ರೇಡೆಡ್‌ಗೆ ಹಳದಿ, ಫಾಲ್ಟೆಡ್‌ಗೆ ಕೆಂಪು. ರಸ್ತೆಯ ಸಿಗ್ನಲ್ ನೋಡಿದವನಿಗೆ ಇದರಲ್ಲಿ ಯೋಚಿಸುವುದೇನಿದೆ ಎಂಬುದು ನನ್ನ ಲೆಕ್ಕವಾಗಿತ್ತು. ಬೆಂಗಳೂರಿನ ಸಿಗ್ನಲ್‌ಗಳನ್ನು ಯಾರು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ಕಮಾಂಡ್‌ಗಳನ್ನು ಬೆರಳಚ್ಚಿಸುವ ಪರದೆಯಾದ ಟರ್ಮಿನಲ್‌ನಲ್ಲಿ ಬಣ್ಣವೆಂದರೆ ಬೇರೇನೂ ಅಲ್ಲ, ಅದೂ ಅಕ್ಷರಗಳೇ. 27ನೆಯ ಸಂಖ್ಯೆಯ ಎಸ್ಕೇಪ್ ಅಕ್ಷರ, ಒಂದು ಚೌಕಾವರಣ, 31 ಎಂಬ ಅಂಕಿ, ಕೊನೆಗೊಂದು ಎಂ: ಇಷ್ಟನ್ನು ಕಳುಹಿಸಿದರೆ ಅಲ್ಲಿಂದ ಮುಂದಿನದೆಲ್ಲ ಕೆಂಪು. 32 ಎಂದರೆ ಹಸಿರು, 33 ಎಂದರೆ ಹಳದಿ, ಸೊನ್ನೆ ಎಂದರೆ ಮೊದಲಿನಂತಾಗು. ಈ ಬಗೆಯ ಸಂಕೇತಗಳನ್ನು ಮನೆಮಾತಾಗಿಸಿದ ವಿಟಿ100 ಎಂಬ ಟರ್ಮಿನಲ್ ಬಂದದ್ದು 1978ರಲ್ಲಿ. ಅದರ ಪರದೆಯಲ್ಲಿ ಬಣ್ಣವೇ ಇರಲಿಲ್ಲ ಎಂಬುದು ಬೇರೆ ಮಾತು. ಆ ಕಾಲದವರು ಪುಣ್ಯವಂತರು.

ಮೊದಲ ಸಂಜೆ ಮನೆಯಲ್ಲಿ ಕುಳಿತು ಕೆಂಪನ್ನು ಹಚ್ಚಿದೆ, ಸೊನ್ನೆಯನ್ನು ಮರೆತೆ. ಫಾಲ್ಟೆಡ್ ಎಂಬ ಪದದಿಂದ ಶುರುವಾದ ಕೆಂಪು ಕೆಳಗಿನ ಸಾಲುಗಳಿಗೆ ಹರಿದು, ಕಮಾಂಡ್ ಮುಗಿದ ಮೇಲೂ ನಿಲ್ಲದೆ, ನಾನು ಬೆರಳಚ್ಚಿಸಿದ ಪ್ರತಿಯೊಂದು ಅಕ್ಷರವನ್ನೂ ನುಂಗಿತು. ಕಾಫಿ ಲೋಟ ಇಡಲು ಬಂದ ಅಮ್ಮ, ಮೂವತ್ತು ವರ್ಷ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದವರು, ಪರದೆಯನ್ನೊಮ್ಮೆ ದಿಟ್ಟಿಸಿ, "ಏನೋ ಇದು, ಇಷ್ಟೊಂದು ತಪ್ಪು ಮಾಡಿದೀಯಾ?" ಎಂದು ನಿಜವಾದ ಕಳವಳದಿಂದ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಸೊನ್ನೆಯನ್ನು ಸೇರಿಸಿದ ಮೇಲೆ ಕೋಷ್ಟಕ ಕೆಟ್ಟಿತು. ಸ್ಥಿತಿಯ ಅಂಕಣಕ್ಕೆ ನಾವು ಹತ್ತು ಅಕ್ಷರಗಳ ಜಾಗ ಕೊಟ್ಟಿದ್ದೆವು; ಪದ ಚಿಕ್ಕದಾದರೆ ಉಳಿದ ಜಾಗವನ್ನು ಖಾಲಿ ಬಿಡುವುದು ಮುದ್ರಿಸುವ ಫಂಕ್ಷನ್‌ನ ಕೆಲಸ. ಇಂಗ್ಲಿಷಿನಲ್ಲಿ ಆನ್‌ಲೈನ್ ಎಂಬುದಕ್ಕೆ ಆರು ಅಕ್ಷರ. ಬಣ್ಣ ಹಚ್ಚಲು ಐದು, ತೊಳೆಯಲು ನಾಲ್ಕು, ಹೀಗೆ ಕಣ್ಣಿಗೆ ಕಾಣದ ಒಂಬತ್ತು ಅಕ್ಷರಗಳು ಸೇರಿ ಆ ಬಡಪಾಯಿ ಫಂಕ್ಷನ್‌ನ ಎಣಿಕೆಯಲ್ಲಿ ಹದಿನೈದಾದವು. ಜಾಗ ಆಗಲೇ ಮೀರಿದೆಯೆಂದು ತಿಳಿದು ಅದು ಒಂದು ಖಾಲಿಯನ್ನೂ ಬಿಡಲಿಲ್ಲ. ಪರಿಣಾಮವಾಗಿ ಗಾತ್ರದ ಅಂಕಣವು ಮದುವೆಮನೆಯ ಪಂಕ್ತಿಯಲ್ಲಿ ಕೂತ ಮಕ್ಕಳಂತೆ ಒಂದು ಸಾಲಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಸರಿದಾಡತೊಡಗಿತು. ಮೊದಲು ಖಾಲಿ ತುಂಬಿಸಿ ಆಮೇಲೆ ಬಣ್ಣ ಹಚ್ಚಬೇಕು ಎಂಬಷ್ಟು ಸರಳವಾದ ಉತ್ತರ ಹೊಳೆಯುವ ಹೊತ್ತಿಗೆ ನನ್ನ ಅರ್ಧ ದಿನವು ಬುಧವಾರವನ್ನು ಮುಟ್ಟಿತ್ತು.

ಗುರುವಾರ ಕೋಡ್ ಮರ್ಜ್ ಆಯಿತು, ಒಳಬಳಕೆಯ ಸರ್ವರ್‌ಗಳಿಗೆ ಹೋಯಿತು. ಅಂದು ರಾತ್ರಿ 2 ಗಂಟೆಗೆ ಫೋನ್ ಬಡಿದುಕೊಂಡಿತು. ಆನ್‌ಕಾಲ್‌ನಲ್ಲಿದ್ದ ಗೆಳೆಯ ನಿದ್ದೆಗಣ್ಣಿನ ದನಿಯಲ್ಲಿ, "ಗುರೂ, ಇಪ್ಪತ್ನಾಲ್ಕು ಡಿಸ್ಕೂ ಒಟ್ಟಿಗೆ ಹೋಗಿವೆಯಂತೆ," ಎಂದ. ಒಂದೂ ಹೋಗಿರಲಿಲ್ಲ. ದಿನವೂ ಆ ಹೊತ್ತಿಗೆ ಓಡುವ ಒಂದು ಹಳೆಯ ಸ್ಕ್ರಿಪ್ಟ್ ನಮ್ಮ ಕಮಾಂಡ್‌ನ ಎರಡನೆಯ ಅಂಕಣವನ್ನು ಓದಿ, ಅದು ಆನ್‌ಲೈನ್ ಎಂಬ ಪದಕ್ಕೆ ಅಕ್ಷರಶಃ ಸಮವಾಗಿರದಿದ್ದರೆ ಡಂಗುರ ಸಾರುತ್ತಿತ್ತು. ಅದಕ್ಕೀಗ ಕಂಡದ್ದು ಎಸ್ಕೇಪ್, ಚೌಕಾವರಣ, 32, ಎಂ, ಆಮೇಲೆ ಆನ್‌ಲೈನ್, ಮತ್ತೆ ಎಸ್ಕೇಪ್. ಅಂದರೆ ಡಿಸ್ಕ್‌ಗಳು ಆರೋಗ್ಯವಾಗಿದ್ದುದೇ, ಆರೋಗ್ಯವಾಗಿವೆಯೆಂದು ನಾನು ಹಸಿರು ಬಳಿದದ್ದೇ, ಅವು ಸತ್ತವೆಂಬ ಸುದ್ದಿಗೆ ಕಾರಣವಾಯಿತು. ಬಣ್ಣ ಹಚ್ಚದ ಕಮಾಂಡ್ ಹಗಲುರಾತ್ರಿ ನಂಬಿಕಸ್ಥನಾಗಿತ್ತು. ನಾನು ಅದನ್ನು ಯಕ್ಷಗಾನ ಮುಗಿದ ಮೇಲೂ ಮುಖ ತೊಳೆಯದೆ ಬಸ್ಸು ಹತ್ತಿದ ರಾಕ್ಷಸ ವೇಷಧಾರಿಯನ್ನಾಗಿ ಮಾಡಿದ್ದೆ.

ಇದಕ್ಕೆ ಮದ್ದು ಹಳೆಯದೇ. ಹೊರಗೆ ಬರೆಯುವ ಮುನ್ನ, ಎದುರಿಗಿರುವುದು ನಿಜವಾದ ಟರ್ಮಿನಲ್ಲೋ, ಇಲ್ಲಾ ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಗಿಸುವ ಪೈಪ್‌ನ ಆಚೆ ಕೂತ ಬೇರೊಂದು ಪ್ರೋಗ್ರಾಮೋ ಎಂದು ಇಸ್‌ಎಟಿಟಿವೈ ಎಂಬ ಫಂಕ್ಷನ್ ಕೇಳಿ ತಿಳಿಯಬಹುದು. ರಂಗಸ್ಥಳದಲ್ಲಿದ್ದರೆ ಮಾತ್ರ ವೇಷ, ಬೀದಿಗಿಳಿದರೆ ತೊಳೆದ ಮುಖ. ಝಡ್‌ಎಫ್‌ಎಸ್‌ನ ಸ್ವಂತ ಕಮಾಂಡ್ ಇನ್ನೂ ಸಂಕೋಚದ್ದು. ಬಣ್ಣ ಬೇಕೆನ್ನುವವರು ಅದಕ್ಕಾಗಿಯೇ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಮ್‌ಗಳು ಓದಿಕೊಳ್ಳುವ ಒಂದು ಸೂಚನೆ, ಇಟ್ಟುಕೊಳ್ಳಬೇಕು, ಕೇಳದವರ ಮೇಲೆ ಅದು ಹನಿ ಬಣ್ಣವನ್ನೂ ಎರಚುವುದಿಲ್ಲ. ಈ ಸಂಕೋಚವನ್ನು ಹಿಂದೆ ಹಲವು ಬಾರಿ ಆಡಿಕೊಂಡವರಲ್ಲಿ ನಾನೂ ಒಬ್ಬ.

"ಇನ್ನು ಟೆಸ್ಟ್ ಬರೀರಿ," ಎಂದರು ಮೇಡಂ. ಕೆಂಪು ನೋಡಲು ಕೆಟ್ಟ ಡಿಸ್ಕ್ ಬೇಕು, ಆದರೆ ಟೆಸ್ಟ್‌ಗಾಗಿ ಡಿಸ್ಕ್ ಒಡೆಯಲು ಯಾರೂ ಒಪ್ಪುವುದಿಲ್ಲ. ಅದೃಷ್ಟಕ್ಕೆ ಝಡ್‌ಎಫ್‌ಎಸ್ ಸಾಧಾರಣ ಕಡತಗಳನ್ನೂ ಡಿಸ್ಕ್ ಎಂದು ನಂಬುತ್ತದೆ. ಒಂದೊಂದೂ ಕನಿಷ್ಠ 64 ಎಂಬಿ ಇದ್ದರಾಯಿತು. ಅಂಥ ನಾಲ್ಕು ಕಡತಗಳಿಂದ ಒಂದು ಪೂಲ್ ಕಟ್ಟಿ, ಬೆಳಗಿನ ಹಸಿವಿನಲ್ಲಿ ಅದಕ್ಕೆ ಇಡ್ಲಿ ಎಂದು ಹೆಸರಿಟ್ಟು, ಒಂದು ಕಡತವನ್ನು ಬಲವಂತವಾಗಿ ಫಾಲ್ಟೆಡ್ ಮಾಡಿದೆ. ಮೇಲೆ ಹಳದಿಯಲ್ಲಿ ಪೂಲ್, ಕೆಳಗೆ ಕೆಂಪಿನಲ್ಲಿ ಡಿಸ್ಕ್. ಹಿಂದಿನಿಂದ ಹಾದುಹೋದವನೊಬ್ಬ, "ರಾಜ್ಯೋತ್ಸವ ಇನ್ನೂ ದೂರ ಇದೆಯಲ್ಲ ಸಾರ್," ಎಂದ. ನೋಡಿದರೆ ಹೌದು, ಅರಿಶಿನ ಮೇಲೆ, ಕುಂಕುಮ ಕೆಳಗೆ, ಅಪ್ಪಟ ಕನ್ನಡ ಬಾವುಟ. "ಇಡ್ಲಿ ಡಿಗ್ರೇಡೆಡ್" ಎಂಬ ಸಾಲನ್ನು ಓದಿದ ಇನ್ನೊಬ್ಬರು ಇದು ಕ್ಯಾಂಟೀನಿನ ಮೇಲಿನ ದೂರೆಂದೇ ಭಾವಿಸಿ ತಮ್ಮ ಬೆಂಬಲವನ್ನೂ ಸೂಚಿಸಿದರು.

ಟೆಸ್ಟ್‌ಗಳೆಲ್ಲ ಪಾಸಾದವು. ಹತ್ತು ದಿನ ಪಾಸಾಗುತ್ತಲೇ ಇದ್ದವು. ಹನ್ನೊಂದನೆಯ ದಿನ ಅನುಮಾನ ಬಂದು, ಬಣ್ಣ ಹಚ್ಚುವ ಫಂಕ್ಷನ್ನನ್ನೇ ಅಳಿಸಿ ಓಡಿಸಿದೆ. ಆಗಲೂ ಪಾಸು. ಟೆಸ್ಟ್ ಓಡಿಸುವ ವ್ಯವಸ್ಥೆ ನಮ್ಮ ಕಮಾಂಡ್‌ನ ಉತ್ತರವನ್ನು ಪೈಪ್‌ನಲ್ಲಿ ಹಿಡಿಯುತ್ತದೆ. ಎದುರಿಗೆ ಟರ್ಮಿನಲ್ ಇಲ್ಲವೆಂದು ಕಮಾಂಡ್ ವಿಧೇಯವಾಗಿ ಬಣ್ಣ ತೊಳೆದುಕೊಂಡು ಬರುತ್ತದೆ. ಪದಗಳನ್ನಷ್ಟೇ ಹುಡುಕುತ್ತಿದ್ದ ನನ್ನ ಟೆಸ್ಟ್‌ಗಳಿಗೆ ಪದಗಳು ಸಿಗುತ್ತವೆ. ಬಣ್ಣದ ಪರೀಕ್ಷೆಯನ್ನು ನಾನು ಹತ್ತು ದಿನ ಬಣ್ಣವಿಲ್ಲದೆಯೇ ನಡೆಸಿದ್ದೆ.

ಹಾಗಾದರೆ ಕಮಾಂಡಿಗೆ ಸುಳ್ಳು ಟರ್ಮಿನಲ್ ತೋರಿಸಬೇಕು. ಲಿನಕ್ಸ್‌ನ ಸ್ಕ್ರಿಪ್ಟ್ ಎಂಬ ಹಳೆಯ ಕಮಾಂಡ್ ಅದನ್ನು ಚೆನ್ನಾಗಿ ಮಾಡುತ್ತದೆ. ಮ್ಯಾಕ್‌ನಲ್ಲಿಯೂ ಅದೇ ಹೆಸರಿನ ಕಮಾಂಡ್ ಇದೆ, ಆದರೆ ಅದಕ್ಕೆ ಮಾತುಗಳನ್ನು ಬೇರೆ ಕ್ರಮದಲ್ಲಿ ಹೇಳಬೇಕೆಂದು ಕಲಿಯಲು ಒಂದು ಮಧ್ಯಾಹ್ನ ಹೋಯಿತು. ಕೊನೆಗೂ ಬಣ್ಣ ಬಂತು. ನಿರೀಕ್ಷಿಸಿದ ಸಾಲು, ಬಂದ ಸಾಲು ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಆದರೂ ಟೆಸ್ಟ್ ಒಪ್ಪದು. ಟರ್ಮಿನಲ್ ಎಂಬುದು ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವನ್ನು, ಹಳೆಯ ಟೈಪ್‌ರೈಟರಿನ ಕ್ಯಾರೇಜನ್ನು ಸಾಲಿನ ಆರಂಭಕ್ಕೆ ತಳ್ಳಿದ ನೆನಪಿನ ಅಕ್ಷರವನ್ನು, ತಾನಾಗಿಯೇ ಸೇರಿಸುತ್ತದಂತೆ. ಒಂದು ಇಡೀ ದಿನ ನಾನು ಕಾಣದ ಅಕ್ಷರವನ್ನು ಕಣ್ಣಿನಿಂದಲೇ ಹುಡುಕಿದ್ದೆ.

ಮೂರನೆಯ ವಾರ ಪ್ರದರ್ಶನ. ಮೇಡಂ ತಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಓಡಿಸಿದರು. ಅವರ ಟರ್ಮಿನಲ್ ಬೆಳ್ಳಗೆ ಹಾಲಿನಂತಿತ್ತು. ಅದರ ಮೇಲೆ ಹಸಿರು ಕಂಡಿತು, ಕೆಂಪು ಕಂಡಿತು, ಹಳದಿಯಿದ್ದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. "ಪೂಲ್ ಸ್ಥಿತಿ ಯಾಕೆ ಖಾಲಿ ಬಿಟ್ಟಿದೀರಿ?" ಎಂದು ಕೇಳಿದರು. ಎದ್ದು ಕಾಣಲಿ ಎಂದು ಹಚ್ಚಿದ ಬಣ್ಣದಿಂದಲೇ ಆ ಪದ ಮಾಯವಾಗಿತ್ತು. ಲಿನಕ್ಸ್‌ನ ಹಳೆಯ ಕನ್ಸೋಲಿನಲ್ಲಿ ಇದೇ 33 ಕಂದಾಗಿ ಕಾಣುತ್ತದೆ ಎಂದು ನಾನು ಸಮಜಾಯಿಷಿ ಹೇಳಲು ಹೊರಟೆ. ಯಾರಿಗೂ ಅದು ಸಾಂತ್ವನ ಎನಿಸಲಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಮಿತಭಾಷಿ ಸಹೋದ್ಯೋಗಿಯೊಬ್ಬರು, "ನನಗೆ ನಿಮ್ಮ ಕೆಂಪೂ ಹಸಿರೂ ಎರಡೂ ಒಂದೇ ಸಾರಿನ ಬಣ್ಣ," ಎಂದರು. ವರ್ಣಾಂಧತೆ ಇರುವ ಅವರು ನನ್ನ ಕೋಡನ್ನು ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟಿದ್ದರು. ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಪದ ಬರೆದಿದೆಯಲ್ಲ, ನಾನು ಪದ ಓದ್ತೀನಿ," ಎಂದರು.

ಈಗ ನಮ್ಮ ಕಮಾಂಡ್‌ನಲ್ಲಿ ಬಣ್ಣ ಬೇಕು, ಬೇಡ, ಸಂದರ್ಭ ನೋಡಿ ಎಂಬ ಮೂರು ಆಯ್ಕೆಗಳಿವೆ. ಬಣ್ಣ ಬೇಡವೆಂದು ಎಲ್ಲ ಪ್ರೋಗ್ರಾಮ್‌ಗಳಿಗೂ ಒಮ್ಮೆಲೇ ತಿಳಿಸಲು 2017ರಿಂದ ರೂಢಿಗೆ ಬಂದ ನೋ ಕಲರ್ ಎಂಬ ವೇರಿಯಬಲ್‌ಗೂ ಅದು ಮರ್ಯಾದೆ ಕೊಡುತ್ತದೆ. ಹಳದಿಯ ಅಕ್ಷರಗಳಿಗೆ ಕಪ್ಪು ಹಿನ್ನೆಲೆ ಹಾಕಿದ್ದೇನೆ. ಆನ್‌ಲೈನ್‌ಗೆ ಬಣ್ಣವನ್ನೇ ತೆಗೆದಿದ್ದೇನೆ.

ಕಳೆದ ತಿಂಗಳು ನಿಜವಾಗಿಯೂ ಒಂದು ಡಿಸ್ಕ್ ಕೆಟ್ಟಿತು. ನನ್ನ ಕೆಂಪು ಕೊನೆಗೂ ಉಪಯೋಗಕ್ಕೆ ಬಂತೆಂಬ ಹುಮ್ಮಸ್ಸಿನಲ್ಲಿ ಸರ್ವರ್ ಕೋಣೆಗೆ ಹೋದೆ. ಡಿಸ್ಕ್ ಬದಲಿಸುವ ತಂತ್ರಜ್ಞರು ಕೈಯಲ್ಲಿ ಒಂದು ಕಾಗದ ಹಿಡಿದು ರ‍್ಯಾಕ್‌ನ ಮುಂದೆ ನಿಂತಿದ್ದರು. ಕಮಾಂಡ್‌ನ ಉತ್ತರವನ್ನು ಅವರು ನೇರವಾಗಿ ಪ್ರಿಂಟರಿಗೆ ಕಳುಹಿಸಿದ್ದರು. ಎದುರಿಗಿರುವುದು ಟರ್ಮಿನಲ್ ಅಲ್ಲವೆಂದು ಸರಿಯಾಗಿಯೇ ಗುರುತಿಸಿದ ನನ್ನ ಕೋಡ್, ಒಂದು ಚೂರೂ ಬಣ್ಣವಿಲ್ಲದ, ಅಂಕಣಗಳು ನೇರವಾಗಿ ನಿಂತ ಅಚ್ಚುಕಟ್ಟಾದ ಹಾಳೆಯನ್ನು ಕೊಟ್ಟಿತ್ತು. ಫಾಲ್ಟೆಡ್ ಎಂಬ ಸಾಲನ್ನು ಹುಡುಕಿ, ಅವರು ಜೇಬಿನಿಂದ ಪೆನ್ನು ತೆಗೆದು ಅದರ ಕೆಳಗೆ ಕೆಂಪು ಗೆರೆ ಎಳೆದರು.