ಮಾರೋವಾಗ ಕನ್ನಡ, ಕೆಟ್ಟಾಗ ಇಂಗ್ಲಿಷ್

ಜನವರಿಯಲ್ಲಿ ತಿಪಟೂರಿಗೆ ಹೋದಾಗ ಅಡುಗೆಮನೆ ಮೂಲೆಯಲ್ಲಿ ಹೊಸ ಗ್ರೈಂಡರ್ ಒಂದಿತ್ತು. ಟೇಬಲ್ ಮೇಲೆ ಇಡುವಂಥದ್ದು, ಎರಡು ಲೀಟರಿನದು. ಮೇಲೆ ಟವೆಲ್ ಹೊದಿಸಿತ್ತು. ತೆಗೆದು ನೋಡಿದರೆ ಒಳಗಿನ ಕಲ್ಲು ಬಿರುಕು ಬಿಟ್ಟಿದೆ.

"ಬಂದಾಗಲೇ ಹಂಗಿತ್ತು ಕಣೆ" ಅಂದಳು ಅಮ್ಮ. ಅವಳು ಅದನ್ನು ಕೊಂಡಿದ್ದು ಒಂದು ರೀಲ್ ನೋಡಿ. ಆ ರೀಲನ್ನು ನನಗೂ ತೋರಿಸಿದಳು. ಅಚ್ಚುಕಟ್ಟಾದ ರೀಲು. ನಮ್ಮ ಕಡೆಯದೇ ಕನ್ನಡ. ಸೆರಗು ಸಿಕ್ಕಿಸಿಕೊಂಡ ಹೆಣ್ಣುಮಗಳೊಬ್ಬಳು ಹಿಟ್ಟು ಕೈಗೆ ತಗೊಂಡು "ನಮ್ಮತ್ತೆನೇ ಒಪ್ಕೊಂಡ್ಬಿಟ್ರು ಕಣ್ರೀ" ಅನ್ನುತ್ತಾಳೆ. ಅಮ್ಮನಿಗೆ ಪಕ್ಕದ ಮನೆಯವಳು ಕೂತು ಹೇಳಿದ ಹಾಗೆ ಅನಿಸಿದೆ. 3,499 ರೂಪಾಯಿ ಕೊಟ್ಟಿದ್ದಾಳೆ.

ವಾಪಸ್ ಕಳಿಸೋಣ ಅಂತ ಆ್ಯಪ್ ತೆರೆದೆ. ಅಲ್ಲಿಂದ ಮುಂದೆ ಒಂದು ಸಾಲೂ ಕನ್ನಡ ಇಲ್ಲ. ಚಾಟ್ ಇಂಗ್ಲಿಷಿನಲ್ಲಿ. ಫೋನ್ ಮಾಡಿದರೆ ಹಿಂದಿಯಲ್ಲಿ. ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿರಬೇಕಂತೆ, ಇಲ್ಲದಿದ್ದರೆ ಬದಲಿ ವಸ್ತು ಕೊಡಲ್ವಂತೆ. ಆ ನಿಯಮ ಇದ್ದದ್ದು ಇಂಗ್ಲಿಷಿನ ನಾಲ್ಕು ಪುಟದ ಷರತ್ತುಗಳ ಮೂರನೇ ಪುಟದಲ್ಲಿ. ಅಮ್ಮ ಪೆಟ್ಟಿಗೆ ಬಿಚ್ಚಿದ್ದು ಈಳಿಗೆಮಣೆಯಲ್ಲಿ, ಒಬ್ಬಳೇ. ಅವಳು ವಿಡಿಯೊ ಯಾಕೆ ಮಾಡುತ್ತಾಳೆ?

ನಾನು ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದಾಗ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಕೊಳ್ಳೋವಾಗ ಅಷ್ಟು ಚೆನ್ನಾಗಿ ಮಾತಾಡಿದಳಲ್ಲ, ಅವಳನ್ನೇ ಕರೆಯೋಕೆ ಆಗಲ್ವಾ?"

ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾಕೆಂದರೆ ಅಂಥ ಮಾತು ಬರೆಯುವವಳು ನಾನೇ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಜಾಹೀರಾತಿಗೆ ಕನ್ನಡ ಬರೆಯುತ್ತಿದ್ದೇನೆ. ಈ ರೀಲು ನನ್ನದಲ್ಲ, ಆದರೆ ಇಂಥ ಎಷ್ಟೋ ರೀಲುಗಳ ಮಾತು ನನ್ನವು.

ಈಗ ನಮ್ಮ ಕೆಲಸದಲ್ಲಿ ಏನು ನಡೀತಿದೆ ಅಂತ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಕನ್ನಡ ಅಂದರೆ ಹಿಂದಿ ಅಥವಾ ಇಂಗ್ಲಿಷ್ ಜಾಹೀರಾತನ್ನು ಕನ್ನಡಕ್ಕೆ ಇಳಿಸುವುದಷ್ಟೇ. ತುಟಿ ಚಲನೆಗೆ ಮಾತು ಹೊಂದಿಸಿದರೆ ಮುಗೀತು. ಈಗ ಹಾಗಿಲ್ಲ. ಕಂಪನಿಗಳಿಗೆ "ಲೋಕಲ್" ಬೇಕು. ಮಂಡ್ಯದ ಕನ್ನಡದಲ್ಲಿ ಒಂದು, ಹುಬ್ಬಳ್ಳಿಯದರಲ್ಲಿ ಒಂದು, ಮಂಗಳೂರಿನದರಲ್ಲಿ ಒಂದು ರೀಲು ಬೇಕು. ಆಯಾ ಊರಿನ ಕ್ರಿಯೇಟರ್‌ಗಳನ್ನೇ ಹಿಡಿಯುತ್ತಾರೆ. ಇದರಲ್ಲಿ ನನಗೆ ನಿಜವಾದ ಸಂತೋಷವಿದೆ. ಹುಬ್ಬಳ್ಳಿಯ ಹುಡುಗ ತನ್ನ ಮಾತು ಬದಲಿಸದೆ ದುಡೀತಾನೆ ಅಂದರೆ ಅದು ಸಣ್ಣ ವಿಷಯ ಅಲ್ಲ. ನಾನು ಶುರು ಮಾಡಿದಾಗ ಧಾರವಾಡದ ಕನ್ನಡ ಅಂದರೆ ನಗಿಸುವ ಪಾತ್ರಕ್ಕೆ ಮಾತ್ರ ಅನ್ನೋ ಹಾಗಿತ್ತು.

ಆದರೆ ಈ ಕನ್ನಡ ಎಲ್ಲಿಯವರೆಗೆ ಬರುತ್ತದೆ? "ಈಗಲೇ ಕೊಳ್ಳಿ" ಅನ್ನೋ ಬಟನ್‌ವರೆಗೆ. ಅದರ ಕೆಳಗೆ "ಷರತ್ತುಗಳು ಅನ್ವಯ" ಅಂತ ಒಂದು ಸಾಲು ಕನ್ನಡದಲ್ಲಿ ಇರುತ್ತದೆ. ಒತ್ತಿದರೆ ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಷ್ಟು ವರ್ಷದಲ್ಲಿ ಸಾವಿರಾರು ಕ್ಯಾಪ್ಶನ್ ಬರೆಯಲು ಹೇಳಿದ್ದಾರೆ. ವಾಪಸಾತಿಯ ನಿಯಮವನ್ನು ಕನ್ನಡದಲ್ಲಿ ಬರೆದುಕೊಡಿ ಅಂತ ಯಾವ ದೊಡ್ಡ ಕಂಪನಿಯೂ ಒಂದು ಸಲ ಕೇಳಿಲ್ಲ. ನಾನಾಗಿ ಎರಡು ಸಲ ಕೇಳಿದ್ದೇನೆ. "ಅದು ಲೀಗಲ್ ಟೀಮಿನದು, ನಮ್ಮ ಬಜೆಟ್ಟಿನಲ್ಲಿ ಬರಲ್ಲ" ಅಂದರು.

ಇದನ್ನು ನಾನು ಸಣ್ಣ ಕೊರತೆ ಅಂತ ಒಪ್ಪುವುದಿಲ್ಲ. ಆಸೆ ಹುಟ್ಟಿಸುವ ಮಾತು ನಮ್ಮ ಭಾಷೆಯಲ್ಲಿ, ಹಕ್ಕಿನ ಮಾತು ಬೇರೆ ಭಾಷೆಯಲ್ಲಿ ಇದ್ದರೆ ಅದು ಮೋಸಕ್ಕೆ ಹತ್ತಿರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜೂನ್ 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಜೊತೆಗಿನ ಎಚ್ಚರಿಕೆಯ ಸಾಲೂ ಅದೇ ಭಾಷೆಯಲ್ಲಿ ಇರಬೇಕು ಅಂತ ಅದರಲ್ಲಿದೆ. ಜನವರಿ 2023ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೂ ನಿಯಮ ಬಂತು. ದುಡ್ಡು ತಗೊಂಡು, ಇಲ್ಲವೇ ವಸ್ತುವನ್ನು ಬಿಟ್ಟಿಯಾಗಿ ಪಡೆದು ಹೊಗಳಿದರೆ ಅದನ್ನು ಎದ್ದು ಕಾಣುವ ಹಾಗೆ ಹೇಳಲೇಬೇಕು. ಅಮ್ಮ ನೋಡಿದ ರೀಲಿನಲ್ಲಿ ಮೂಲೆಯಲ್ಲಿ ಇಂಗ್ಲಿಷಿನ ಎರಡು ಸಣ್ಣ ಪದ ಇದ್ದವು. ಅಮ್ಮ ಅದನ್ನು ಆ ಹೆಣ್ಣುಮಗಳ ಹೆಸರು ಅಂದುಕೊಂಡಿದ್ದಳು. "ಇದು ಜಾಹೀರಾತು" ಅಂತ ಬರೆಯೋಕೆ ಎಷ್ಟು ಜಾಗ ಬೇಕು?

ಅಂಗಡಿ ಬೋರ್ಡುಗಳ ವಿಷಯದಲ್ಲೂ ಇದೇ ಕಥೆ. ಡಿಸೆಂಬರ್ 2023ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಹೋರಾಟ ಆಯಿತು. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯ ಅನ್ನೋ ಕಾನೂನು 2024ರಲ್ಲಿ ಬಂತು. ಒಳ್ಳೆಯದಾಯಿತು, ನಾನು ಅದರ ಪರ. ಆದರೆ ಒಳಗೆ ಹೋಗಿ ಬಿಲ್ ನೋಡಿ, ವಾರಂಟಿ ಕಾರ್ಡ್ ನೋಡಿ. ಕನ್ನಡ ಬಾಗಿಲಲ್ಲೇ ನಿಂತಿದೆ.

ಮಾರುಕಟ್ಟೆಯಲ್ಲಿ ಕನ್ನಡಕ್ಕೆ ಬಲ ಇದೆ ಅನ್ನೋಕೆ ಕೆಲವರು ನಂದಿನಿಯ ಉದಾಹರಣೆ ಕೊಡುತ್ತಾರೆ. ಏಪ್ರಿಲ್ 2023ರಲ್ಲಿ ಅಮುಲ್ ಬೆಂಗಳೂರಿಗೆ ಹಾಲು, ಮೊಸರು ತರುತ್ತೇವೆ ಅಂತ ಒಂದು ಟ್ವೀಟ್ ಹಾಕಿದ್ದೇ ತಡ, ಜನ ನಂದಿನಿ ಉಳಿಸಿ ಅಂತ ಎದ್ದು ನಿಂತರು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ನಂದಿನಿಯನ್ನೇ ಬಳಸಿ ಅಂತ ಕರೆ ಕೊಟ್ಟಿತು. ಅದು ಚುನಾವಣೆ ಹೊತ್ತು, ರಾಜಕೀಯವೂ ಸೇರಿತ್ತು, ನಿಜ. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚಿನಲ್ಲಿ, ಮೊಸರಿನ ಪೊಟ್ಟಣದ ಮೇಲೆ "ದಹಿ" ಅಂತ ಹಾಕಿ, ಊರಿನ ಪದವನ್ನು ಬ್ರಾಕೆಟ್ಟಿನಲ್ಲಿ ಹಾಕಿ ಅನ್ನೋ ಆದೇಶ ಬಂದಿತ್ತು. ಇಲ್ಲೂ ತಮಿಳುನಾಡಿನಲ್ಲೂ ಜನ ಸಿಟ್ಟಾದ ಮೇಲೆ, ಮಾರ್ಚ್ 30ರಂದು ಆಹಾರ ಸುರಕ್ಷತಾ ಪ್ರಾಧಿಕಾರ ದಹಿ ಅನ್ನೋ ಹಟ ಬಿಟ್ಟಿತು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ತೋಳಿನ ಮೇಲೆ ಕನ್ನಡ ಅಕ್ಷರದಲ್ಲೇ ನಂದಿನಿ ಅಂತ ಇತ್ತು. ಅದನ್ನು ನೋಡಿ ನನಗೂ ಕಣ್ಣು ತುಂಬಿತ್ತು.

ಆದರೆ ನಮ್ಮ ಮಾರ್ಕೆಟಿಂಗ್ ಜನ ಇದರಿಂದ ಕಲಿತದ್ದೇನು? "ಕನ್ನಡದ ಭಾವನೆ ಚೆನ್ನಾಗಿ ಓಡುತ್ತೆ" ಅಂತ. ತಪ್ಪು ಅಲ್ಲೇ ಆಗಿದ್ದು. ನಂದಿನಿಯ ಪರ ಜನ ನಿಂತಿದ್ದು ಅಕ್ಷರ ನೋಡಿ ಮಾತ್ರ ಅಲ್ಲ. ನಮ್ಮೂರ ಡೈರಿಗೆ ಬೆಳಿಗ್ಗೆ ಹಾಲು ಹಾಕೋಕೆ ಹೋಗುವವರು ನಮ್ಮ ದೊಡ್ಡಮ್ಮ, ನಮ್ಮ ಪಕ್ಕದ ಮನೆಯವರು. ಹಾಲು ಒಡೆದರೆ ಪೊಟ್ಟಣ ಹಿಡಿದುಕೊಂಡು ಬೂತಿಗೆ ಹೋಗುತ್ತೇವೆ. "ಏನಣ್ಣ ಇದು, ಹಾಲು ಒಡೆದೋಯ್ತು" ಅಂತ ನಮ್ಮ ಮಾತಿನಲ್ಲೇ ಕೇಳುತ್ತೇವೆ. ಅವನು ಬದಲಿಸಿ ಕೊಡುತ್ತಾನೆ, ಇಲ್ಲ ಜಗಳ ಆಡುತ್ತಾನೆ. ಎರಡೂ ಕನ್ನಡದಲ್ಲೇ. ಜಗಳ ಆಡೋಕೆ ಒಬ್ಬ ಮನುಷ್ಯ ಸಿಗುತ್ತಾನಲ್ಲ, ನಂಬಿಕೆ ಹುಟ್ಟೋದು ಅಲ್ಲಿ. ಆ ಗ್ರೈಂಡರ್ ಕಂಪನಿ ನಮ್ಮಮ್ಮನಿಗೆ ಕೊಡದೇ ಹೋದದ್ದು ಅದನ್ನೇ.

ದುಡ್ಡು ಜಾಸ್ತಿ ಖರ್ಚಾಗುತ್ತೆ ಅನ್ನೋ ಮಾತು ಈಗ ನಡೆಯಲ್ಲ. ಕಳೆದ ಎರಡು ವರ್ಷದಿಂದ ನನಗೆ ಬರೆಯೋ ಕೆಲಸಕ್ಕಿಂತ ತಿದ್ದೋ ಕೆಲಸವೇ ಜಾಸ್ತಿ. ಎಐ ಒಂದೇ ಬೆಳಿಗ್ಗೆ ಹತ್ತು ರೀಲಿನ ಕನ್ನಡ ಬರೆದು ಕೊಡುತ್ತದೆ, ದನಿಯನ್ನೂ ಕೊಡುತ್ತದೆ. ನಾನು ಕೂತು ಸರಿಮಾಡುತ್ತೇನೆ. ಹತ್ತು ರೀಲಿಗೆ ಆಗುವುದಾದರೆ ನಾಲ್ಕು ಪುಟದ ಷರತ್ತಿಗೆ ಯಾಕೆ ಆಗಲ್ಲ? ಕನ್ನಡ ಗೊತ್ತಿರುವ ಒಬ್ಬರು, ಕಾನೂನು ಗೊತ್ತಿರುವ ಒಬ್ಬರು ಕೂತರೆ ಒಂದು ವಾರದ ಕೆಲಸ. ಅಷ್ಟು ಹೊತ್ತನ್ನೂ ಕೊಡುವುದಿಲ್ಲ ಅಂದರೆ ಅವರಿಗೆ ಬೇಕಾದದ್ದು ನಮ್ಮ ಮಾತಿನ ಸಲುಗೆ ಮಾತ್ರ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಅಲ್ಲಿ ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಕೊಡಬಹುದು. ಈ ಸಲ ಫೋನ್ ಅಮ್ಮನ ಕೈಗೇ ಕೊಟ್ಟೆ. ಕಲ್ಲು ಎಲ್ಲಿಂದ ಎಲ್ಲಿಗೆ ಬಿರುಕು ಬಿಟ್ಟಿದೆ, ಯಾವತ್ತು ಬಂತು, ಯಾರು ತಂದುಕೊಟ್ಟರು, ಎಲ್ಲಾ ಬಿಡಿಸಿ ಬಿಡಿಸಿ ಹೇಳಿದಳು. ಮೂರು ವಾರದಲ್ಲಿ ದುಡ್ಡು ವಾಪಸ್ ಬಂತು. ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಈ ನಂಬರ್ ಇವತ್ತೇ ಸೇವ್ ಮಾಡಿಕೊಡಿ.

ಅದಾದ ಮೇಲೆ ನಾನು ಒಂದು ಷರತ್ತು ಹಾಕಿಕೊಂಡೆ. ಕನ್ನಡದಲ್ಲಿ ಮಾರಿಕೊಡಿ ಅಂತ ಬರುವ ಪ್ರತಿ ಕಂಪನಿಗೂ ವಾಪಸಾತಿ ನಿಯಮವನ್ನೂ ಕನ್ನಡದಲ್ಲಿ ಬರೆದುಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ ಅನ್ನುತ್ತೇನೆ. ಇಲ್ಲಿಯವರೆಗೆ ಮೂರು ಕಂಪನಿ ಬೇಡ ಅಂದಿವೆ. ಅರಸೀಕೆರೆ ಹತ್ತಿರ ಗಾಣದ ಕೊಬ್ಬರಿ ಎಣ್ಣೆ ಮಾಡುವ ಅಕ್ಕ ಒಬ್ಬರು ಹೂಂ ಅಂದರು. ಬರೆಯೋಕೆ ಕೂತಾಗ ಅವರೇ ಹೇಳುತ್ತಾ ಹೋದರು, ನಾನು ಸುಮ್ನೆ ಬರೆದುಕೊಂಡೆ. ಈಗ ಅವರ ಪ್ರತಿ ಬಾಟಲಿಯ ಹಿಂದೆ ಇದು ಅಚ್ಚಾಗಿದೆ: "ಎಣ್ಣೆ ಸೋರಿ ಬಂದಿದ್ದರೆ ಒಂದು ಫೋಟೊ ಕಳಿಸಿ. ಫೋಟೊ ತೆಗೆಯಲು ಬರದಿದ್ದರೆ ಫೋನ್ ಮಾಡಿ ಹೇಳಿ. ಬೇರೆ ಬಾಟಲಿ ಕಳಿಸುತ್ತೇವೆ."