ಮತ್ಸುಮೊಟೊದಲ್ಲಿ ಮೊದಲು ಫೋನ್ ಮಾಡಿದವನ ಮೇಲೇ ಅನುಮಾನ

ವಿಷಾನಿಲ ದಾಳಿ, ಆಂಥ್ರಾಕ್ಸ್ ರೋಗಾಣುವಿನ ಪುಡಿ ಅಂತ ಸುದ್ದಿ ಬಂದಾಗೆಲ್ಲ "ಸುಮ್ನೆ ಹೆದರಬೇಡಿ" ಅನ್ನುವವರು ಇದ್ದೇ ಇರುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದೆ ಉಸಿರಿನ ಜೊತೆ ಒಳಗೆ ಹೋಗುವ ವಿಷಕ್ಕೆ ಹೆದರದೆ ಇನ್ಯಾವುದಕ್ಕೆ ಹೆದರಬೇಕು? ನನಗೆ ಸಂಕಟವಾಗುವುದು ಆಮೇಲೆ ನಡೆಯುವುದನ್ನು ನೋಡಿ. ಹೆದರಿದ ಕೂಡಲೇ ನಾವು ಬೈಯಲು ಒಬ್ಬನನ್ನು ಹುಡುಕುತ್ತೇವೆ, ಅದೂ ಕೈಗೆ ಸುಲಭವಾಗಿ ಸಿಗುವವನನ್ನು.

ಜಪಾನಿನ ಮತ್ಸುಮೊಟೊದಲ್ಲಿ ಆಗಿದ್ದು ಇದೇ. 1994ರ ಜೂನ್ 27ರ ರಾತ್ರಿ ಓಂ ಶಿನ್‌ರಿಕ್ಯೊ ಅನ್ನುವ ಧಾರ್ಮಿಕ ಪಂಥದವರು ಒಂದು ಬಡಾವಣೆಯಲ್ಲಿ ಲಾರಿಯಿಂದ ಸರಿನ್ ಅನ್ನುವ, ನರಗಳಿಗೇ ಹೊಡೆಯುವ ವಿಷಾನಿಲ ಬಿಟ್ಟರು. ಅವರ ಮೇಲಿದ್ದ ಜಮೀನು ಕೇಸಿನ ನ್ಯಾಯಾಧೀಶರು ಅಲ್ಲಿ ವಾಸವಿದ್ದರು. ಹೆಂಡತಿ ಕುಸಿದು ಬಿದ್ದದ್ದನ್ನು ಕಂಡು ಸಹಾಯಕ್ಕೆ ಮೊದಲು ಫೋನ್ ಮಾಡಿದ್ದು ಆ ಬಡಾವಣೆಯ ಒಬ್ಬ ಸಾಮಾನ್ಯ ಮನುಷ್ಯ. ಮನೆಯಲ್ಲಿ ಫೋಟೋ ತೊಳೆಯುವ ರಾಸಾಯನಿಕಗಳಿದ್ದವು, ಅಷ್ಟೇ ಸಾಕಾಯಿತು. ಪೊಲೀಸರು ಮರುದಿನವೇ ಮನೆ ಜಾಲಾಡಿದರು. ಕೀಟನಾಶಕ ಬೆರೆಸುವಾಗ ಅವನೇ ಎಡವಟ್ಟು ಮಾಡಿದ್ದಾನೆ ಅಂತ ಪತ್ರಿಕೆಗಳು ಬರೆದವು. ಅವನೂ ಅದೇ ಅನಿಲ ಕುಡಿದು ಆಸ್ಪತ್ರೆ ಸೇರಿದ್ದ. ಹೆಂಡತಿ ಕೋಮಾದಲ್ಲಿದ್ದಳು, 2008ರಲ್ಲಿ ತೀರಿಕೊಂಡಳು.

ನಿಜವಾಗಿ ಮಾಡಿದವರು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದರು. 1995ರ ಮಾರ್ಚ್ 20ರ ಬೆಳಿಗ್ಗೆ ಟೋಕಿಯೊದ ಮೆಟ್ರೊ ರೈಲುಗಳಲ್ಲಿ ಸರಿನ್ ತುಂಬಿ ಪೇಪರ್ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನು ಕಾಲ ಬಳಿ ಇಟ್ಟು, ಕೊಡೆಯ ಚೂಪು ತುದಿಯಿಂದ ಚುಚ್ಚಿ ಇಳಿದು ಹೋದರು. ಐದು ಸಾವಿರಕ್ಕೂ ಜಾಸ್ತಿ ಜನ ಆಸ್ಪತ್ರೆಗಳಿಗೆ ನುಗ್ಗಿದರು. ವಿಷ ಯಾವುದು ಅಂತ ವೈದ್ಯರಿಗೇ ಗೊತ್ತಿರಲಿಲ್ಲ, ಅಗ್ನಿಶಾಮಕದವರು ಮೊದಲು ಹೇಳಿದ್ದು ಬೇರೆ ಯಾವುದೋ ರಾಸಾಯನಿಕದ ಹೆಸರು. ಆಗ ಟಿವಿ ನೋಡುತ್ತಿದ್ದ ಮತ್ಸುಮೊಟೊದ ವೈದ್ಯರೊಬ್ಬರು, ಇವರೆಲ್ಲ ನಮ್ಮ ಹೋದ ವರ್ಷದ ರೋಗಿಗಳ ಥರಾನೇ ಇದ್ದಾರಲ್ಲ ಅಂತ ಗುರುತಿಸಿ ಟೋಕಿಯೊಗೆ ತಿಳಿಸಿದರು. ರೋಗಿಗಳ ಬಟ್ಟೆಯಿಂದ ಹೊಮ್ಮಿದ ಅನಿಲಕ್ಕೆ ದಾದಿಯರು, ವೈದ್ಯರು ಕೂಡ ಅಸ್ವಸ್ಥರಾದರು. ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ ಒಳಗೆ ಕರೆದುಕೊಳ್ಳಿ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತಲ್ವಾ?

ಟೋಕಿಯೊ ದಾಳಿಯಾದ ಮೇಲೇ ಮತ್ಸುಮೊಟೊದ ಆ ಮನುಷ್ಯನ ಮೇಲಿನ ಅನುಮಾನ ಹೋಗಿದ್ದು. ಪತ್ರಿಕೆಗಳು ಕ್ಷಮೆ ಕೇಳಿದವು. ಅಮೆರಿಕದಲ್ಲೂ ಅಷ್ಟೇ. 2001ರಲ್ಲಿ ಅಂಚೆಯಲ್ಲಿ ಬಂದ ಆಂಥ್ರಾಕ್ಸ್ ಪುಡಿಯ ಪತ್ರಗಳಿಂದ ಐದು ಜನ ಸತ್ತರು. ಅಲ್ಲಿನ ಸರ್ಕಾರ ಅನುಮಾನವಿದೆ ಅಂತ ಒಬ್ಬ ವಿಜ್ಞಾನಿಯ ಹೆಸರನ್ನು ಬಹಿರಂಗವಾಗಿ ಹೇಳಿ, ಕೊನೆಗೆ 2008ರಲ್ಲಿ ಅವನಿಗೆ ಲಕ್ಷಾಂತರ ಡಾಲರ್ ಪರಿಹಾರ ಕೊಡಬೇಕಾಯಿತು.

ನಮ್ಮಲ್ಲಿ 2020ರಲ್ಲಿ ಮುಸ್ಲಿಮರೇ ಬೇಕಂತ ರೋಗ ಹರಡುತ್ತಿದ್ದಾರೆ, ಇದು "ಕೊರೊನಾ ಜಿಹಾದ್" ಅಂತ ಹಬ್ಬಿಸಿದ್ದನ್ನು ಮರೆಯಲು ನನ್ನಿಂದ ಆಗುವುದಿಲ್ಲ. ರೋಗವನ್ನೇ ಭಯೋತ್ಪಾದನೆ ಮಾಡಿಬಿಟ್ಟರು. ಹಣ್ಣು ಮಾರುವವರನ್ನು ಓಣಿಯೊಳಗೆ ಬಿಡಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್, ದೆಹಲಿಯಲ್ಲಿ ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಸಂಘಟನೆಯ ಸಭೆಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಿದಂತಿದೆ ಅಂತ ಹೇಳಿ ಕೇಸುಗಳನ್ನು ರದ್ದು ಮಾಡಿತು. ಆ ತೀರ್ಪನ್ನು ಎಷ್ಟು ಜನ ಫಾರ್ವರ್ಡ್ ಮಾಡಿದರು?

ನಾಳೆ ಇಂಥದ್ದೇನಾದರೂ ಆದರೆ ಅಧಿಕಾರಿಗಳು ಮೊದಲ ಗಂಟೆಯಲ್ಲೇ ಮಾತಾಡಲಿ. ಯಾವ ವಿಷ, ಯಾವ ಕಡೆ ಓಡಬೇಕು, ಬಟ್ಟೆ ಏನು ಮಾಡಬೇಕು, ಎಲ್ಲಿ ತೊಳೆದುಕೊಳ್ಳಬೇಕು ಅಂತ ನೇರವಾಗಿ ಹೇಳಲಿ. ಅದನ್ನು ನನಗೂ ಕಳಿಸಿ, ನಾನೂ ಹತ್ತು ಜನಕ್ಕೆ ಕಳಿಸುತ್ತೇನೆ. "ಇವನೇ ಮಾಡಿದ್ದು" ಅಂತ ಯಾರದೋ ಫೋಟೋ ಬಂದರೆ ಮಾತ್ರ ದಯವಿಟ್ಟು ಕಳಿಸಬೇಡಿ.